ಪೆಡಲಿನ ರೋಸ್

ಇರುವೆಗಳು ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿರಲಿಲ್ಲ. ಎಡ್ವಿನ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಬಿಟ್ಟುಕೊಂಡು ಕಿಟಕಿಯ ಮುಂದೆ ನಿಂತಿದ್ದ. ಕಂಪೌಂಡಿನ ಗೋಡೆಯಿಂದ ಹೊರಟ ಸಾಲು ಬಸಳೆ ಚಪ್ಪರದ ಕೋಲು ಹತ್ತಿ, ಕಿಟಕಿಯ ಸರಳು ದಾಟಿ, ದಂಡೆಯ ಮೇಲೆ ಬಿಸಿಲಿಗೆ ಇಟ್ಟಿದ್ದ ಕಪ್ಪು ಪೆಡಲಿನ ಬದಿಯ ತೂತಿನೊಳಕ್ಕೆ, ಗಿಟಾರಿನ ವಯರು ಚುಚ್ಚುವ ಆ ದುಂಡು ತೂತಿನೊಳಕ್ಕೆ, ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಸಾಲು ನಿಂತವರ ಶಿಸ್ತಿನಲ್ಲಿ ಇಳಿಯುತ್ತಿತ್ತು. ಪ್ರಸಾದ ಪಡೆದವರು ತಲೆ ತಗ್ಗಿಸಿಕೊಂಡಾದರೂ ತಮ್ಮ ಬೆಂಚಿಗೆ ಮರಳುತ್ತಾರೆ. ಇವು ಮರಳುತ್ತಿರಲಿಲ್ಲ. ಪೆಡಲು ತನ್ನದಾಗಿದ್ದರೆ ಎತ್ತಿ ಎರಡು ಸಲ ನೆಲಕ್ಕೆ ಕುಟ್ಟಿ, ಊದಿ, ಒಂದು ಬಗೆಯ ಸಮಾಧಾನ ತಂದುಕೊಳ್ಳಬಹುದಿತ್ತು. ಅದು ಇರ್ವಿನ್‌ನದು. ಬರುವ ಭಾನುವಾರ ತನ್ನ ಮಗಳು ಡ್ಯಾಫ್ನಿಯನ್ನು ಮದುವೆಯಾಗಲಿರುವ ಹುಡುಗನದು. ಮದುವೆಯ ರಿಸೆಪ್ಷನ್ನಿನಲ್ಲಿ ಆ ಹುಡುಗ ಮದುಮಗಳಿಗಾಗಿ ಗಿಟಾರಿನಲ್ಲಿ ಒಂದು ಹಾಡು ನುಡಿಸುವವನಿದ್ದ. ಅದಕ್ಕೆ ಈ ಪೆಡಲು ಬೇಕಿತ್ತು. ಅದನ್ನು ತೆಗೆದುಕೊಂಡು ಹೋಗಲು ಅವನು ಈ ಸಂಜೆ ಚಹಾಕ್ಕೆ ಬರುವವನಿದ್ದ.

“ಎಂತ, ಬಾಯಲ್ಲಿ ನೊರೆ ಇಟ್ಕೊಂಡು ಧ್ಯಾನವಾ?” ಮಟಿಲ್ಡಾ ಹಿಂದಿನಿಂದ ಬಂದಳು. ಅವಳ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಕತ್ತಿ ಇತ್ತು. ಮನೆಯಲ್ಲಿ ಈ ವಾರ ಯಾರ ಕೈಯಲ್ಲಿ ನೋಡಿದರೂ ತೆಂಗಿನಕಾಯಿಯೇ. ಮದುವೆಯ ಮುನ್ನಾದಿನದ ರೋಸಿಗೆ, ಮದುಮಗಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಮೀಯಿಸುವ ಶಾಸ್ತ್ರಕ್ಕೆ, ಅಷ್ಟು ಕಾಯಿ ಬೇಕಿತ್ತು. ಅವಳು ಬಗ್ಗಿ ಇರುವೆಯ ಸಾಲನ್ನು ನೋಡಿದಳು, ಮೂಸಿದಳು, ಪೆಡಲಿನ ಅಡಿಯಲ್ಲಿ ಹರಡಿದ್ದ ಜಿಡ್ಡಿನ ಕಲೆಯನ್ನು ಬೆರಳಿನಿಂದ ಮುಟ್ಟಿದಳು. “ಸಾಯ್ಬಾ ಭೊಗೊಸ್! ಇದು ರೋಸಿಗೆ ಅಂತ ನಾನು ಕಾಯಿಸಿಟ್ಟ ಎಣ್ಣೆ ಅಲ್ವಾ?” ಎಡ್ವಿನ್ ನೊರೆಯನ್ನು ನುಂಗಿ, ಸ್ವಲ್ಪ, ಒಂದೆರಡು ಹನಿ, ಎಂದ. “ಒಂದೆರಡು ಹನಿಗೆ ಇಷ್ಟು ಜನ ಬರ್ತಾರಾ? ಡ್ಯಾಫ್ನಿಗೆ ಶನಿವಾರ ರೋಸ್. ಇದಕ್ಕೆ ನೀವು ಗುರುವಾರವೇ ಮಾಡಿ ಮುಗಿಸಿದ್ರಿ.” ಅವಳು ನಗದೆ ಹೇಳಿ ಒಳಗೆ ಹೋದಳು. ಒಳಗಿಂದ ಕಾಯಿ ಒಡೆದ ಸದ್ದೂ ಅದರ ಹಿಂದೆಯೇ ಅವಳ ನಗೆಯೂ ಕೇಳಿಸಿತು. ಆ ನಗೆ ಅವನಿಗೆ ಸಹಿಸಬಹುದಾದ್ದೇ. ಇಷ್ಟು ವರ್ಷಗಳಲ್ಲಿ ಅವಳು ನಕ್ಕದ್ದರಿಂದ ಯಾವ ವಸ್ತುವೂ ಹೆಚ್ಚು ಹಾಳಾಗಿರಲಿಲ್ಲ. ಅವನು ಹೆದರಿದ್ದು ಇರ್ವಿನ್‌ನ ಮರ್ಯಾದೆಗೆ. ಆ ಹುಡುಗ ನಗುವುದಿಲ್ಲ, ‘ಪರವಾಗಿಲ್ಲ ಅಂಕಲ್’ ಅನ್ನುತ್ತಾನೆ. ಆ ಮೂರಕ್ಷರದ ‘ಅಂಕಲ್’ ಎದುರು ಮುಖ ಎಲ್ಲಿಡುವುದು ಎಂಬುದು ಎಡ್ವಿನ್‌ಗೆ ಈಗಿನಿಂದಲೇ ಹೊಳೆಯುತ್ತಿರಲಿಲ್ಲ.

ಕೇಳಿದ್ದು ಡ್ಯಾಫ್ನಿ. “ಡ್ಯಾಡಿ, ಇರ್ವಿನ್‌ನ ಪೆಡಲು ಒತ್ತುವಾಗ ಕಿರ್ ಕಿರ್ ಅಂತದೆ. ಸ್ವಲ್ಪ ನೋಡ್ತೀರಾ?” ಅಷ್ಟೇ. ಆದರೆ ಅವಳು ಅವನನ್ನು ಏನನ್ನೂ ಕೇಳದೆ ಎಷ್ಟು ಕಾಲವಾಗಿತ್ತು! ಕಾಲೇಜು, ನರ್ಸಿಂಗು, ಆಸ್ಪತ್ರೆಯ ಡ್ಯೂಟಿ, ಸ್ಕೂಟರಿನ ಸಾಲ, ಕೊನೆಗೆ ಹುಡುಗ, ಎಲ್ಲವನ್ನೂ ತಾನೇ ನೋಡಿಕೊಂಡು ಬಂದು, ಅವನಿಗೆ ನೋಡಲಿಕ್ಕೆ ಅಂತ ಏನನ್ನೂ ಉಳಿಸದ ಮಗಳು ಅವಳು. ಆದ್ದರಿಂದ ಎಡ್ವಿನ್ ನೋಡುತ್ತೇನೆ ಎಂದು ಹೇಳಿ ಸುಮ್ಮನಿರುವ ಬದಲು ಇರ್ವಿನ್‌ನ ಮನೆಯವರೆಲ್ಲ ಕೇಕು ತಿನ್ನುತ್ತಾ ಕೂತಿದ್ದಾಗ ದೊಡ್ಡ ಸ್ವರದಲ್ಲಿ, “ಕಿರ್ ಕಿರ್ ಮಾತ್ರ ಎಂತಕ್ಕೆ ಪುತಾ? ಪೂರ್ತಿ ಮೋಡಿಫೈ ಮಾಡಿಯೇ ಕೊಡ್ತೇನೆ” ಅಂದುಬಿಟ್ಟಿದ್ದ. ಇರ್ವಿನ್‌ನ ತಾಯಿ, “ಮಸ್ಕತ್‌ನಲ್ಲಿ ಇಂಜಿನಿಯರ್ ಆಗಿದ್ದವರಲ್ವಾ” ಎಂದು ಪಕ್ಕದವರಿಗೆ ಹೇಳಿದರು. ಎಡ್ವಿನ್ ಕೇಕು ನುಂಗಿದ. ಮಸ್ಕತ್‌ನಲ್ಲಿ ಅವನು ಸ್ಟೋರು ನೋಡಿಕೊಂಡಿದ್ದವನು. ಯಾವ ಪಾರ್ಟು ಯಾವ ಡಬ್ಬಿಯಲ್ಲಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಆದರೆ ಕಿಂಡಿಯ ಆಚೆ ಅದು ಯಾರ ಕೈಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಒಮ್ಮೆಯೂ ನೋಡಿದವನಲ್ಲ. ಊರಿಗೆ ಮರಳಿದ ಮೇಲೆ ವಾಮಂಜೂರಿನ ಈ ಓಣಿಯವರು ಕೆಟ್ಟ ಮಿಕ್ಸಿ ತಂದರೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ “ಕಾಯಿಲ್ ಹೋಗಿದೆ” ಎನ್ನುತ್ತಿದ್ದ. ಹೆಚ್ಚಿನ ಸಲ ಕಾಯಿಲೇ ಹೋಗಿರುತ್ತಿತ್ತು. ಹೀಗೆ ಹೆಸರು ಬಂದಿತ್ತು.

ಆಶ್ಚರ್ಯವೆಂದರೆ ಕಷ್ಟದ ಕೆಲಸ ಸರಿಯಾಗಿಯೇ ಆಯಿತು. ಮೊಬೈಲಿನಲ್ಲಿ ಒಬ್ಬ ಗಡ್ಡದವನು ತೋರಿಸಿದ ಹಾಗೆ, ಪೆಡಲಿನ ತಳ ಬಿಚ್ಚಿ, ಅಕ್ಕಿಕಾಳಿನಷ್ಟು ದೊಡ್ಡ ಒಂದು ರೆಸಿಸ್ಟರನ್ನು ಕಿತ್ತು ಇನ್ನೊಂದನ್ನು ಬೆಸುಗೆ ಹಾಕಿದ್ದ. ಬೆರಳು ಎರಡು ಕಡೆ ಸುಟ್ಟಿತು, ಆದರೆ ಪೆಡಲಿನೊಟ್ಟಿಗೆ ಇರ್ವಿನ್ ಬಿಟ್ಟುಹೋಗಿದ್ದ ಗಿಟಾರನ್ನೂ ಸ್ಪೀಕರನ್ನೂ ಚುಚ್ಚಿ ನೋಡಿದಾಗ ಸ್ವರಕ್ಕೆ ಒಂದು ತುಂಬಿದ ಗಂಟಲು ಬಂದಿತ್ತು. ವಾ ಪೆಡಲು ಎಂದರೆ ಹೊಲಿಗೆ ಮಿಷನಿನ ಕಾಲ್ಮಣೆಯ ತಮ್ಮನ ಹಾಗೆ. ಗಿಟಾರಿನ ಸ್ವರ ಅದರ ಒಳಗಿಂದ ಹಾದು ಬರುತ್ತದೆ. ಪಾದದ ಮುಂಭಾಗ ಊರಿದರೆ ಸ್ವರ ಬಾಯಿ ತೆರೆಯುತ್ತದೆ, ಹಿಮ್ಮಡಿ ಊರಿದರೆ ಬಾಯಿ ಮುಚ್ಚುತ್ತದೆ. ಹಿಂದೆ ಮುಂದೆ ಮಾಡಿದರೆ ತೊಟ್ಟಿಲ ಮಗು ಅತ್ತ ಹಾಗೆ ವಾ, ವಾ ಅನ್ನುತ್ತದೆ. ಎಡ್ವಿನ್ ನಿನ್ನೆ ಇಡೀ ಮಧ್ಯಾಹ್ನ ಅದನ್ನು ಅಳಿಸಿದ್ದ. ಮಟಿಲ್ಡಾ ಕೊನೆಗೆ ಅಡುಗೆಮನೆಯಿಂದ “ಅದಕ್ಕೆ ಯಾರಾದ್ರೂ ಹಾಲು ಕೊಡಿ ಮಾರಾಯ್ರೆ” ಎಂದು ಕೂಗಿದ್ದಳು. ಉಳಿದದ್ದು ಕಿರ್ ಕಿರ್ ಒಂದೇ. ಗಡ್ಡದವನು ಅದಕ್ಕೊಂದು ಬಿಳಿ ಗ್ರೀಸು ತೋರಿಸಿದ. ಎಡ್ವಿನ್‌ಗೆ ನಗು ಬಂತು. ಈ ಮನೆಯಲ್ಲಿ ಬಾಗಿಲ ತಿರುಗಣಿಗೆ, ಸೈಕಲ್ಲಿನ ಚೈನಿಗೆ, ಮಸ್ಕತ್‌ನಿಂದ ತಂದ ಪೆಟ್ಟಿಗೆಯ ಬೀಗಕ್ಕೆ, ಒಡೆದ ಹಿಮ್ಮಡಿಗೆ, ಬೆವರುಸಾಲೆಗೆ, ಮಗಳ ಕೂದಲಿಗೆ, ಎಲ್ಲದಕ್ಕೂ ಇದ್ದದ್ದು ತೆಂಗಿನೆಣ್ಣೆ ಒಂದೇ, ಮತ್ತು ಈವರೆಗೆ ಯಾವುದೂ ಬೇಡ ಅಂದದ್ದಿಲ್ಲ. ಅಡುಗೆಮನೆಯ ಹೊಸ ಎಣ್ಣೆಯ ಪಾತ್ರೆ ಬಾಯಿ ತೆರೆದುಕೊಂಡು ಕೂತಿತ್ತು. ಹನಿ ಹನಿಯಾಗಿಯೇ ಶುರು ಮಾಡಿದ. ಕಿರ್ ನಿಂತ ಸಂತೋಷದಲ್ಲಿ ಸೌಟು ಬಂತು. ಎಣ್ಣೆ ಚೆನ್ನಾಗಿ ಇಳಿಯಲಿ ಎಂದು ದಂಡೆಯ ಮೇಲಿಟ್ಟು ನಿಶ್ಚಿಂತೆಯಿಂದ ಮಲಗಿದ್ದ.

ಈಗ ತಳ ಬಿಚ್ಚಿದರೆ ಒಳಗೊಂದು ಊರೇ ಎಣ್ಣೆಯಲ್ಲಿ ಮುಳುಗಿತ್ತು. ಕಾಲ್ಮಣೆಯೊಟ್ಟಿಗೆ ತಿರುಗುವ ಹಲ್ಲಿನ ಚಕ್ರದ ಕೆಳಗೆ, ರೇಡಿಯೊದ ವಾಲ್ಯೂಮಿನ ತಿರುಪಿನ ಹಾಗಿರುವ ಕಂಟ್ರೋಲು ಇರುತ್ತದಲ್ಲ, ಇರುವೆಗಳು ಅದರೊಳಗೇ ಹೊಕ್ಕು ಅಲ್ಲಿಯೇ ಅಂಟಿ ಸತ್ತಿದ್ದವು. ಗಿಟಾರು ಚುಚ್ಚಿ ಒತ್ತಿದರೆ ವಾ ಇಲ್ಲ, ಕರಕರ ಮಾತ್ರ, ಕಡಲೆ ಹುರಿದ ಹಾಗೆ. ಕಂಟ್ರೋಲು ಬದಲಿಸಲೇಬೇಕು. ಅದಕ್ಕೆ ಮೂರು ವಯರು ಕತ್ತರಿಸಬೇಕು. ಪೆಡಲು ಇರ್ವಿನ್ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಹಿಂದಿನವನು ಯಾರೋ ಮೂರಕ್ಕೂ ಕಪ್ಪು ವಯರನ್ನೇ ಹಾಕಿದ್ದ. ನಡುವಿನದು ಗಿಡ್ಡ, ಅದು ಗುರುತು ಸಿಗುತ್ತದೆ. ಎಡದ್ದು ಮತ್ತು ಬಲದ್ದು ಅದಲು ಬದಲಾದರೆ ಎಲ್ಲ ತಿರುಗುಮುರುಗಾಗುತ್ತದೆ ಎಂದು ಗಡ್ಡದವನು ಬೆರಳು ಎತ್ತಿ ಹೇಳಿದ್ದ. ಗುರುತು ಹಾಕಲು ಏನಾದರೂ ಬೇಕೆಂದು ಎಡ್ವಿನ್ ಸುತ್ತ ನೋಡಿದಾಗ ಕಂಡದ್ದು ಡ್ಯಾಫ್ನಿಯ ಮೇಜಿನ ಮೇಲಿದ್ದ ನೇಲ್ ಪಾಲಿಶಿನ ಎರಡು ಬಾಟಲಿ. ಅವಳು ಫೇಶಿಯಲ್ಲಿಗೆಂದು ಪಂಪ್‌ವೆಲ್ ಕಡೆ ಹೋಗಿದ್ದಳು. ಈ ಎರಡು ಬಾಟಲಿಗಾಗಿ ತಾಯಿ ಮಗಳು ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಇಡೀ ಸಂಜೆ ಕಳೆದದ್ದು, ತಾನು ಚೀಲಗಳನ್ನು ಹಿಡಿದುಕೊಂಡು ಗೊಂಬೆಯ ಹಾಗೆ ನಿಂತದ್ದು ಅವನಿಗೆ ನೆನಪಾಯಿತು. ಎರಡೂ ಒಂದೇ ಅಲ್ವಾ ಎಂದು ಕೇಳಿದ್ದಕ್ಕೆ ಡ್ಯಾಫ್ನಿ, “ಡ್ಯಾಡಿ! ಒಂದು ಪಿಂಕ್, ಒಂದು ಪೀಚ್. ಪಿಂಕ್ ರೋಸಿಗೆ, ಪೀಚ್ ಮದುವೆಗೆ” ಎಂದಿದ್ದಳು, ಅಂಗಡಿಯವನೂ ಅವನನ್ನು ಕನಿಕರದಿಂದ ನೋಡಿದ್ದ. ಇಡೀ ಸಂಜೆ ನುಂಗಿದ ವ್ಯತ್ಯಾಸ ಖಂಡಿತ ಎರಡು ವಯರುಗಳಿಗೆ ಸಾಕು. ಎಡದ್ದಕ್ಕೆ ಪಿಂಕಿನ ಒಂದು ಚುಕ್ಕೆ, ಬಲದ್ದಕ್ಕೆ ಪೀಚಿನ ಒಂದು ಚುಕ್ಕೆ ಇಟ್ಟು, ಬಾಟಲಿಗಳನ್ನು ಇದ್ದಲ್ಲಿಯೇ ಇಟ್ಟು, ಕಳ್ಳನ ಹಾಗೆ ಉಗುರು ಒರೆಸಿಕೊಂಡು, ವಯರು ಕತ್ತರಿಸಿ, ಎಣ್ಣೆ ಸೋರುವ ಕಂಟ್ರೋಲನ್ನು ಪೇಪರಿನಲ್ಲಿ ಸುತ್ತಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಜಿಡ್ಡು ಪೇಪರನ್ನು ದಾಟಿ ಅಂಗಿಯ ಕಿಸೆಗೆ ಬಂತು. ಕುಲಶೇಖರ ದಾಟುವಾಗ ಪಕ್ಕದ ಹೆಂಗಸು ಮೂಗು ಅರಳಿಸಿ, ಎಲ್ಲಿಂದಲೋ ಮನೆಯ ಎಣ್ಣೆಯ ಪರಿಮಳ ಬರ್ತಾ ಉಂಟು ಎಂದು ಕಂಡಕ್ಟರನಿಗೆ ಹೇಳಿದಳು. ಎಡ್ವಿನ್ ಕಿಟಕಿಯ ಹೊರಗೆ ನೋಡಿದ. ಹಂಪನಕಟ್ಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಕೌಂಟರಿನಲ್ಲಿ ನುಸೈಬಾ ಎಂಬ ಹುಡುಗಿ, ಹಾಗೆಂದು ಅವಳ ಎದೆಯ ಬ್ಯಾಡ್ಜಿನಲ್ಲಿತ್ತು, ಪೇಪರನ್ನು ಎರಡು ಬೆರಳಿನಲ್ಲಿ ಬಿಡಿಸಿದಳು. “ಎಂತದ್ರದ್ದು ಅಂಕಲ್ ಇದು? ಫ್ಯಾನಿನ ರೆಗ್ಯುಲೇಟರಾ?” ಅಲ್ಲಮ್ಮ, ವಾ ಪೆಡಲಿನದ್ದು. “ಯಾವ ಪೆಡಲು?” ವಾ. “ವಾ ಅಂದ್ರೆ?” ಹಿಂದೆ ಟಿವಿಯ ರಿಮೋಟಿಗೆ ಬಂದವನೊಬ್ಬ, ಬಲ್ಬಿಗೆ ಬಂದವನೊಬ್ಬ, ಸೊಂಟದಲ್ಲಿ ಮಗು ಹೊತ್ತ ತಾಯಿಯೊಬ್ಬಳು ನಿಂತಿದ್ದರು. ಎಡ್ವಿನ್ ಸ್ವರ ತಗ್ಗಿಸಿ, ಅಂಗೈಯನ್ನು ಪಾದದ ಹಾಗೆ ಹಿಂದೆ ಮುಂದೆ ಮಾಡುತ್ತಾ, ತುಟಿ ದುಂಡಗೆ ಮಾಡಿ, “ವ್ವಾ... ವ್ವಾ...” ಎಂದ. ರಿಮೋಟಿನವನು ಮುಂದೆ ಬಗ್ಗಿ ನೋಡಿದ. ಎಡ್ವಿನ್‌ಗೆ ತನ್ನ ಬಿಳಿ ಮೀಸೆ, ಜಿಡ್ಡಿನ ಕಿಸೆ, ಗಾಳಿಯಲ್ಲಿ ತೇಲುತ್ತಿದ್ದ ಅಂಗೈ ಎಲ್ಲವೂ ಹೊರಗಿನಿಂದ ಕಂಡವು. ಸೊಂಟದ ಮಗು ಅವನನ್ನೇ ನೋಡಿತು, ತುಟಿ ಡೊಂಕು ಮಾಡಿತು, ಆಮೇಲೆ ಬಾಯಿ ಬಿಟ್ಟು ಅತ್ತಿತು, ಶುದ್ಧವಾಗಿ, ಒಂದಿಷ್ಟೂ ಕರಕರ ಇಲ್ಲದೆ. “ಇದೇ! ಇದೇ ಶಬ್ದ!” ಎಂದು ಎಡ್ವಿನ್ ಬೆರಳು ತೋರಿಸಿದ. “ಇದಕ್ಕೆ ಪಾರ್ಟ್ ಬೇಡ ಅಂಕಲ್, ಹಾಲು ಸಾಕು,” ಅಂದಳು ನುಸೈಬಾ. ಬಲ್ಬಿನವನು ನಕ್ಕ. ಅಳತೆ ನೋಡಿ ಅವಳೊಂದು ಹೊಸ ಕಂಟ್ರೋಲು ಕೊಟ್ಟಳು. ಜತೆಗೆ ಒರೆಸಿಕೊಳ್ಳಲು ಒಂದು ಹಳೆಯ ಬಟ್ಟೆಯನ್ನೂ ಕೊಟ್ಟಳು. ಎಡ್ವಿನ್‌ನ ಮನಸ್ಸಿಗೆ ಹೆಚ್ಚು ನಾಟಿದ್ದು ಆ ಬಟ್ಟೆ.

ಮರಳುವ ಬಸ್ಸಿನಲ್ಲಿ ಆ ಮಗುವಿನ ಅಳು ಅವನನ್ನು ಬಿಡಲಿಲ್ಲ. ಅಂಥದೊಂದು ಅಳು ಮೊದಲು ಎಲ್ಲೋ ಕೇಳಿದ್ದುಂಟು. ಒಂದು ಗೊಂಬೆ. ಮಸ್ಕತ್‌ನಿಂದ ಮೊದಲ ರಜೆಯಲ್ಲಿ ತಂದದ್ದು, ಬೋರಲು ಮಲಗಿಸಿದರೆ ಅಳುತ್ತಿತ್ತು. ಎರಡನೆಯ ರಜೆಗೆ ಬಂದಾಗ ಅದರ ಅಳು ಗೊರಗೊರ ಆಗಿತ್ತು. ಡ್ಯಾಫ್ನಿ ಅದನ್ನು ಎತ್ತಿ ತಂದು, ಡ್ಯಾಡಿ ಸ್ವಲ್ಪ ನೋಡ್ತೀರಾ ಎಂದಿದ್ದಳು, ಇದೇ ಮಾತಿನಲ್ಲಿ. ಅವನು ಗೊಂಬೆಯ ಹೊಟ್ಟೆ ಬಿಚ್ಚಿದ, ಒಳಗಿನ ಸಣ್ಣ ಡಬ್ಬಿಯನ್ನು ಬಿಚ್ಚಿದ, ಮುಚ್ಚಿ ಪ್ಲಾಸ್ಟರು ಅಂಟಿಸಿದ. ಆಮೇಲೆ ಗೊಂಬೆ ಅಳಲೇ ಇಲ್ಲ. ಎಷ್ಟು ಬೋರಲು ಹಾಕಿದರೂ ಇಲ್ಲ. ಡ್ಯಾಫ್ನಿ ಅವನ ಮುಖವನ್ನೇ ನೋಡಿದಳು. ಅವನ ಮುಖದಲ್ಲಿ ಏನು ಕಂಡಳೋ, “ಈಗ ಅದಕ್ಕೆ ಅಳು ಬರುವುದಿಲ್ಲ ಡ್ಯಾಡಿ, ನೀವು ಬಂದಿದ್ದೀರಲ್ಲ” ಎಂದಳು. ರಜೆ ಮುಗಿದು ಹೊರಡುವ ಹಿಂದಿನ ದಿನ ಅವನು ಜಗಲಿಯಲ್ಲಿ ಕೂತಿದ್ದಾಗ ಒಳಗಿಂದ ಗೊಂಬೆಯ ಅಳು ಕೇಳಿತು. ಎದ್ದು ಬಾಗಿಲ ಸಂದಿನಿಂದ ನೋಡಿದರೆ, ಡ್ಯಾಫ್ನಿ ಗೊಂಬೆಯನ್ನು ಬೋರಲು ಮಲಗಿಸಿ, ಗಲ್ಲವನ್ನು ಫ್ರಾಕಿನೊಳಗೆ ಹುದುಗಿಸಿಕೊಂಡು, ತುಟಿ ಅಲ್ಲಾಡಿಸದೆ ತಾನೇ “ವಾ... ವಾ...” ಅನ್ನುತ್ತಿದ್ದಳು. ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಕೆಮ್ಮಿ, “ಓ, ರಿಪೇರಿ ಆಯ್ತಲ್ಲ!” ಎಂದು ಹೇಳುತ್ತಾ ಒಳಗೆ ಬಂದಿದ್ದ. “ಆಯ್ತು ಡ್ಯಾಡಿ,” ಅಂದಳು ಅವಳು ಮುಖ ಎತ್ತದೆ. ಕಂಡಕ್ಟರು “ವಾಮಂಜೂರು, ವಾಮಂಜೂರು” ಎಂದು ಬಾಗಿಲು ತಟ್ಟಿದಾಗ ಎಡ್ವಿನ್ ಗಡಬಡಿಸಿ ಎದ್ದ.

ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಪೆಡಲು ಅಂಗಾತ ಬಿದ್ದಿತ್ತು. ಹತ್ತಿಯಿಂದ ಎಣ್ಣೆ ತೆಗೆದ, ಕಡ್ಡಿಯಿಂದ ಇರುವೆ ತೆಗೆದ, ಹಲ್ಲಿನ ಚಕ್ರವನ್ನು ಹೊಸ ಕಂಟ್ರೋಲಿಗೆ ಸಿಕ್ಕಿಸಿದ. ಸೋಲ್ಡ್ರಿಂಗ್ ಐರನ್ನು ಬಿಸಿಯಾಗಿ ಹೊಗೆಯಾಡುತ್ತಿತ್ತು. ನಡುವಿನ ವಯರು ಸುಲಭವಾಗಿ ಕೂತಿತು. ಆಮೇಲೆ ಅವನು ಉಳಿದ ಎರಡನ್ನು ಹತ್ತಿರ ಹಿಡಿದು ನೋಡಿದ. ಎರಡರ ಮೇಲೂ ಒಂದೊಂದು ಚುಕ್ಕೆ ಇತ್ತು. ಎರಡೂ ಪಿಂಕ್. ಕನ್ನಡಕ ತೆಗೆದು ನೋಡಿದ, ಎರಡೂ ಪೀಚ್. ಕನ್ನಡಕ ಒರೆಸಿ ಹಾಕಿ ನೋಡಿದ, ಎರಡೂ ಕರಿ ವಯರಿನ ಮೇಲೆ ಒಣಗಿ ಸೊಳ್ಳೆ ಕಚ್ಚಿದ ಗುರುತಿನ ಹಾಗೆ ಕೂತಿದ್ದವು. ಮನೆಯ ಹೆಂಗಸರು ಹಗಲು ರಾತ್ರಿ ಬದುಕುವ ಬಣ್ಣಗಳ ಲೋಕವೊಂದು ಇದೆ, ಅದರ ಬಾಗಿಲಲ್ಲಿ ತಾನು ಚೀಲ ಹಿಡಿದು ನಿಂತವನು ಮಾತ್ರ ಎಂದು ಅವನಿಗೆ ಅನಿಸಿತು. ಬಾಟಲಿ ತಂದು ಹೋಲಿಸೋಣವೆಂದರೆ ಡ್ಯಾಫ್ನಿ ಮರಳಿ ಬಂದು, ಮುಖಕ್ಕೆ ಏನನ್ನೋ ಬಳಿದುಕೊಂಡು ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. “ಮಟಿಲ್ಡಾ,” ಎಂದು ಕರೆದ. “ಈ ಪಿಂಕಿಗೂ ಪೀಚಿಗೂ ಗುರುತು ಹಿಡಿಯುವುದು ಹೇಗೆ?” ಮಟಿಲ್ಡಾ ಕಾಯಿ ತುರಿಯುವುದನ್ನು ನಿಲ್ಲಿಸಿದ ಸದ್ದು ಕೇಳಿತು. “ಎಂತಕ್ಕೆ?” “ಸುಮ್ಮನೆ. ಟೈ ತೆಗೆಯುವ ಅಂತ.” “ಮದುವೆಗೆ ಪಿಂಕ್ ಟೈಯಾ? ಮಗಳ ಮಾನ ತೆಗಿಬೇಡಿ. ಆ ನೀಲಿಯೇ ಸಾಕು.” ತುರಿಯುವ ಸದ್ದು ಮತ್ತೆ ಶುರುವಾಯಿತು. ಎಡ್ವಿನ್ ಶಿಲುಬೆಯ ಗುರುತು ಮಾಡಿಕೊಂಡು, ಸ್ವಲ್ಪ ಹೆಚ್ಚು ಪಿಂಕ್ ಅನಿಸಿದ್ದನ್ನು ಎಡಕ್ಕೆ ಕೂರಿಸಿದ. ಕೊನೆಯ ಸ್ಕ್ರೂ ತಿರುಗಿಸುತ್ತಿರುವಾಗ ಅಂಗಳದಲ್ಲಿ ಬೈಕು ನಿಂತಿತು.

ಇರ್ವಿನ್ ಒಳಗೆ ಬಂದು, ಚಪ್ಪಲಿಯನ್ನು ಗೋಡೆಗೆ ಸಮವಾಗಿ ಬಿಟ್ಟು, ದೇವರ ಪೀಠಕ್ಕೆ ತಲೆ ಬಾಗಿಸಿ, ಮಟಿಲ್ಡಾ ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಉದ್ದ ಕಾಲಿನ, ಕಡಿಮೆ ಮಾತಿನ ಹುಡುಗ. ಬಂದಾಗಲೆಲ್ಲ ಅದೇ ಮೂಲೆಯ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ, ಯಾರೋ ಎಬ್ಬಿಸಲಿಕ್ಕಿದ್ದಾರೆ ಎಂಬ ಹಾಗೆ. ಇವನು ಡ್ಯಾಫ್ನಿಯೊಟ್ಟಿಗೆ ಏನು ಮಾತಾಡುತ್ತಾನೆ, ಅವಳಿಗೆ ಸಿಟ್ಟು ಬಂದಾಗ ಏನು ಮಾಡುತ್ತಾನೆ ಎಂದು ಎಡ್ವಿನ್‌ಗೆ ಎಷ್ಟೋ ಸಲ ಕೇಳಬೇಕೆನಿಸಿತ್ತು, ಕೇಳುವ ಬದಲು ಪೆಟ್ರೋಲಿನ ರೇಟಿನ ಬಗ್ಗೆ ಮಾತಾಡಿದ್ದ. ಈಗ ಹುಡುಗ ಪೆಡಲನ್ನು ನೆಲಕ್ಕಿಟ್ಟು, ಗಿಟಾರು ಚುಚ್ಚಿ, ತಂತಿ ಮೀಟಿ, ಬರಿಗಾಲಿನ ಮುಂಭಾಗವನ್ನು ಮೆಲ್ಲಗೆ ಊರಿದ. ಕಿರ್ ಇರಲಿಲ್ಲ. ಆದರೆ ಬಾಯಿ ತೆರೆಯಬೇಕಾದ ಸ್ವರ ಬಾಯಿ ಮುಚ್ಚಿಕೊಂಡಿತು, ಮಾತು ಶುರು ಮಾಡಿ ನಾಚಿಕೊಂಡವರ ಹಾಗೆ. ಹಿಮ್ಮಡಿ ಊರಿದ. ಸ್ವರ ಹೋ ಎಂದು ತೆರೆದುಕೊಂಡಿತು. ಇರ್ವಿನ್‌ನ ಹುಬ್ಬು ಅಕ್ಕಿಕಾಳಿನಷ್ಟು ಮೇಲೆ ಹೋಗಿ ಕೂಡಲೇ ಕೆಳಗಿಳಿಯಿತು. ಎಡ್ವಿನ್ ಸ್ಕ್ರೂಡ್ರೈವರನ್ನು ಕಿಸೆಗೆ ತುರುಕಿದ. “ಹೇಗುಂಟು ಪುತಾ?” “ಸೂಪರ್ ಉಂಟು ಅಂಕಲ್. ಸ್ವರ ತುಂಬಾ ದಪ್ಪ ಆಗಿದೆ.” ಅವನು ಪುನಃ ಒತ್ತಿ ನೋಡಿದ. “ಇದು... ಈ ತಿರುಗಿದ್ದು... ಇದೂ ಮೋಡಿಫೈ ಮಾಡಿದ್ದಾ?” ಈಗ ಹೇಳಿಬಿಡಬಹುದಿತ್ತು. ಒಂದೇ ವಾಕ್ಯ, ಎರಡು ವಯರು. ಅಷ್ಟರಲ್ಲಿ ಬಾಗಿಲಲ್ಲಿ ಡ್ಯಾಫ್ನಿ ಬಂದು ನಿಂತಳು, ಫೇಶಿಯಲ್ಲಿನಿಂದ ಹೊಳೆಯುವ ಮುಖದಲ್ಲಿ ಅವನನ್ನೇ ನೋಡುತ್ತಾ. “ಹೌದು,” ಎಂದ ಎಡ್ವಿನ್. ಅವನ ಬಾಯಿಂದ ಇನ್ನೂ ಏನೋ ಹೊರಟಿತು, ಅದನ್ನು ನಿಲ್ಲಿಸಲು ಅವನಿಗೇ ಆಗಲಿಲ್ಲ. “ಮಸ್ಕತ್‌ನಲ್ಲಿ ಈಗ ಎಲ್ಲ ಹೀಗೆಯೇ.” ಇರ್ವಿನ್ ಗಂಭೀರವಾಗಿ ತಲೆಯಾಡಿಸಿದ. “ಹಾಗಾದ್ರೆ ಸರಿ ಅಂಕಲ್.” ಮಟಿಲ್ಡಾ ಖಾಲಿ ಕಪ್ಪು ಎತ್ತುತ್ತಾ, “ನಿನ್ನೆ ಒತ್ತಿದ್ರೆ ಅಳಲಿಕ್ಕೆ ಶುರು ಮಾಡ್ತಿತ್ತು, ಇವತ್ತು ಒತ್ತಿದ್ರೆ ಅಳು ನಿಲ್ಲಿಸ್ತದಲ್ಲ,” ಎಂದಳು. ಇರ್ವಿನ್ ಗಿಟಾರನ್ನೂ ಪೆಡಲನ್ನೂ ಎತ್ತಿಕೊಂಡು ಹೊರಟ. ಬೈಕು ಗೇಟು ದಾಟಿದ ಮೇಲೆಯೂ ಎಡ್ವಿನ್ ಅಂಗಳದಲ್ಲಿ ನಿಂತೇ ಇದ್ದ. ಮಸ್ಕತ್ ಎಂಬ ಊರನ್ನು ಇಷ್ಟು ಸಣ್ಣ ವಿಷಯಕ್ಕೆ ಎಳೆದು ತಂದದ್ದಕ್ಕೆ ಆ ಊರಿನವರಲ್ಲಿ ಕ್ಷಮೆ ಕೇಳಬೇಕೆನಿಸಿತು.

ಶನಿವಾರ ಸಂಜೆ ಇನ್ನೂ ಬೆಳಕಿರುವಾಗಲೇ ಅಂಗಳದ ಚಪ್ಪರದಲ್ಲಿ ರೋಸ್ ಶುರುವಾಯಿತು. ಹಿರಿಯ ಹೆಂಗಸರು ಹಳೆಯ ಸೋಬಾನೆ ಎತ್ತಿದರು. ಡ್ಯಾಫ್ನಿ ಹಳೆಯ ಸೀರೆ ಉಟ್ಟು ಸ್ಟೂಲಿನ ಮೇಲೆ ಕೂತಳು. ತಂದೆಯಾದವನು ಮೊದಲು ತೆಂಗಿನ ಹಾಲು ಹಚ್ಚಬೇಕು. ಎಡ್ವಿನ್ ಅಂಗೈಯನ್ನು ಪಾತ್ರೆಯಲ್ಲಿ ಮುಳುಗಿಸಿ ಮಗಳ ಹಣೆಗೆ, ಕೆನ್ನೆಗೆ ಹಚ್ಚಿದ, ಎಣ್ಣೆಯನ್ನು ನೆತ್ತಿಗೆ ಇಟ್ಟ. ಸೌಟಿನಿಂದ ಪೆಡಲಿಗೆ ಸುರಿದ ಅದೇ ಎಣ್ಣೆ. ಕಣ್ಣಿನಲ್ಲಿ ನೀರು ಬರಬೇಕಾದ ಗಳಿಗೆ ಅದು, ಸುತ್ತ ನಿಂತವರು ಅದನ್ನು ಕಾಯುತ್ತಲೂ ಇದ್ದರು. ಅವನು ನೋಡಿದ್ದು ಅವಳ ಉಗುರು. ತೊಡೆಯ ಮೇಲೆ ಮಡಿಚಿಟ್ಟ ಕೈಗಳಲ್ಲಿ ಒಂದು ಬಣ್ಣ. ನಾಳೆ ಶೂ ಹಾಕಬೇಕಾದ ಕಾಲುಗಳಿಗೆ ನಾಳೆಯ ಬಣ್ಣವನ್ನು ಇವತ್ತೇ ಹಚ್ಚಿ ಮುಗಿಸಿದ್ದಳು. ಕೈಯಲ್ಲಿ ಪಿಂಕ್, ಕಾಲಲ್ಲಿ ಪೀಚ್. ಸಂಜೆಯ ಬೆಳಕಿನಲ್ಲಿ ಅವು ಬಸಳೆಯೂ ಕುಂಬಳವೂ ಬೇರೆಯಾದಷ್ಟು ಬೇರೆ ಇದ್ದವು, ಒಂದು ಮಗು ಕೂಡ ಹೇಳಬಹುದಿತ್ತು. ಅವನಿಗೆ ಈಗ ಸ್ಪಷ್ಟವಾಗಿ ಗೊತ್ತಾಯಿತು, ಸ್ವಲ್ಪ ಹೆಚ್ಚು ಪಿಂಕ್ ಅನಿಸಿದ್ದು ಪೀಚ್. “ಡ್ಯಾಫ್ನಿ, ಇರ್ವಿನ್‌ಗೆ ಹೇಳು, ಎರಡು ವಯರು...” ಎಂದು ಬಗ್ಗಿ ಶುರು ಮಾಡಿದ. “ಆಮೇಲೆ ಹೇಳಿ ಡ್ಯಾಡಿ, ಕಣ್ಣಿಗೆ ಹೋಯ್ತು,” ಎಂದಳು ಅವಳು ಕಣ್ಣು ಮುಚ್ಚಿ ನಗುತ್ತಾ. ಹಿಂದಿನಿಂದ ಸೋದರತ್ತೆಯೊಬ್ಬಳು, “ಸಾಕು ಎಡ್ವಿನ್, ನಮಗೂ ಬಿಡು” ಎಂದು ಅವನನ್ನು ಬದಿಗೆ ದೂಡಿದಳು. ಅವನು ಹಾಲು ತೊಟ್ಟಿಕ್ಕುವ ಕೈಯನ್ನು ಎತ್ತಿ ಹಿಡಿದುಕೊಂಡು ಚಪ್ಪರದ ಕಂಬದ ಹತ್ತಿರ ನಿಂತ. ಆಗ ಕಣ್ಣಲ್ಲಿ ನೀರು ಬಂತು. ಎಲ್ಲರಿಗೂ ತೃಪ್ತಿಯಾಯಿತು.

ಭಾನುವಾರ ರಿಸೆಪ್ಷನ್ನಿನ ಹಾಲ್‌ನಲ್ಲಿ ಅವನಿಗೆ ಊಟ ಇಳಿಯಲಿಲ್ಲ. ನೀಲಿ ಟೈ ಕುತ್ತಿಗೆಯನ್ನು ಹಿಡಿದಿತ್ತು, ಹೊಸ ಶೂ ಪಾದವನ್ನು. ಕೇಕು ಕತ್ತರಿಸಿದರು, ವೈನು ಎತ್ತಿದರು, ಮೈಕಿನವನು ಎಲ್ಲರನ್ನೂ ಒಂದೊಂದು ಸಲ ತಮಾಷೆ ಮಾಡಿದ. ಮಾಡಿದ ಮೇಲೆ, ಈಗ ಮದುಮಗ ನುಡಿಸ್ತಾನೆ, ಅದೂ ಮಾವನೇ ಕೈಯಾರೆ ತಯಾರು ಮಾಡಿದ ಪೆಡಲಿನಲ್ಲಿ, ಎಡ್ವಿನ್ ಅಂಕಲ್‌ಗೆ ಒಂದು ಜೋರು ಚಪ್ಪಾಳೆ ಎಂದ. ಚಪ್ಪಾಳೆ ಬಿತ್ತು. ಎಡ್ವಿನ್ ಎದ್ದು, ಕೈಯೆತ್ತಿ, ಕೂತ. ಕುರ್ಚಿ ಅವನ ಕೆಳಗೆ ಕಿರ್ ಎಂದಿತು. ವೇದಿಕೆಯ ಮೇಲೆ ಇರ್ವಿನ್ ಕಪ್ಪು ಕೋಟಿನಲ್ಲಿ ಇನ್ನೂ ಉದ್ದವಾಗಿದ್ದ. ಇಷ್ಟು ಜನರ ಎದುರು ಹುಡುಗನ ಕಾಲು ಅಭ್ಯಾಸ ಬಲದಲ್ಲಿ ಮುಂದಕ್ಕೆ ಒತ್ತುತ್ತದೆ, ಸ್ವರ ಬಾಯಿ ಮುಚ್ಚುತ್ತದೆ, ಜನ ನಗುತ್ತಾರೆ, ಹುಡುಗ ಬಂದು ಪರವಾಗಿಲ್ಲ ಅನ್ನುತ್ತಾನೆ. ಎಡ್ವಿನ್ ಹುಡುಗನ ಮುಖವನ್ನು ನೋಡಲಾರದೆ ಅವನ ಶೂವನ್ನೇ ನೋಡಿದ. ಹಾಡು ಶುರುವಾಯಿತು. ಸ್ವರ ಏರಿತು, ತೆರೆಯಬೇಕಾದಲ್ಲಿಗೆ ಬಂತು, ಮತ್ತು ತುಂಬಿದ ಗಂಟಲಿನಿಂದ ‘ವಾ’ ಎಂದು ತೆರೆದುಕೊಂಡಿತು. ಎಡ್ವಿನ್ ಕನ್ನಡಕ ಸರಿಮಾಡಿಕೊಂಡ. ಸ್ವರ ತೆರೆದಲ್ಲೆಲ್ಲ ಇರ್ವಿನ್‌ನ ಹಿಮ್ಮಡಿ ಊರುತ್ತಿತ್ತು, ಮುಚ್ಚಿದಲ್ಲೆಲ್ಲ ಪಾದದ ತುದಿ. ತಪ್ಪಲಿಲ್ಲ, ತಡವರಿಸಲಿಲ್ಲ, ಹುಟ್ಟಿದಾಗಿನಿಂದ ಹಾಗೆಯೇ ನುಡಿಸಿದವನ ಹಾಗೆ. ಎರಡು ವಯರು ಬಿಚ್ಚಿ ತಿರುಗಿಸಿ ಹಾಕಲು ಒಂದು ಚಹಾ ಆರುವಷ್ಟು ಹೊತ್ತು ಸಾಕು, ಅವನ ಬ್ಯಾಂಡಿನ ಯಾವ ಗೆಳೆಯನೂ ಮಾಡಿಕೊಡುತ್ತಿದ್ದ. ಹುಡುಗ ವಯರನ್ನು ಮುಟ್ಟದೆ, ಮದುವೆಯ ಗಡಿಬಿಡಿಯ ನಡುವೆ ಕೂತು ತನ್ನ ಕಾಲನ್ನೇ ತಿರುಗಿಸಿಕೊಂಡಿದ್ದ.

“ಎಂತ ಚಂದ ನುಡಿಸ್ತಾನೆ ಅಲ್ವಾ?” ಎಂದಳು ಮಟಿಲ್ಡಾ ಪಕ್ಕದಿಂದ. “ಹ್ಞೂಂ,” ಎಂದ ಎಡ್ವಿನ್. ಅವನು ಕಣ್ಣೆತ್ತಿ ವೇದಿಕೆಯ ಇನ್ನೊಂದು ಬದಿಗೆ ನೋಡಿದ. ಹೂವಿನ ಕಮಾನಿನ ಕೆಳಗೆ, ಬಿಳಿ ಗೌನಿನಲ್ಲಿ ಮದುಮಗಳು ಕೂತಿದ್ದಳು. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ತಂದೆಯನ್ನು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕಣ್ಣು ಕಣ್ಣು ಸೇರಿದ ಕೂಡಲೇ ಡ್ಯಾಫ್ನಿ ಗಲ್ಲವನ್ನು ಗೌನಿನ ಲೇಸಿನೊಳಗೆ ಮೆಲ್ಲಗೆ ಹುದುಗಿಸಿಕೊಂಡಳು, ತುಟಿ ದುಂಡಗೆ ಮಾಡಿದಳು. ಇಷ್ಟು ದೂರದಿಂದ ಕೇಳಿಸುವ ಹಾಗಿರಲಿಲ್ಲ, ಆದರೂ ಅವನಿಗೆ ಕೇಳಿಸಿತು. ಎಡ್ವಿನ್ ಏನೂ ಕಾಣದವನ ಹಾಗೆ ಒಂದು ಸಲ ಕೆಮ್ಮಿದ. ಮೇಜಿನ ಕೆಳಗೆ, ಬಿಗಿ ಶೂವಿನೊಳಗೆ, ಅವನ ಹಿಮ್ಮಡಿ ಹುಡುಗನ ಹಿಮ್ಮಡಿಯೊಟ್ಟಿಗೆ ತನ್ನಷ್ಟಕ್ಕೆ ಊರತೊಡಗಿತು.